ಹಳೇ ಲಿಫ್ಟ್ ಹೊಸದು ಮಾಡಿಸುತ್ತಿದ್ದೇವೆ, ಮೇಲೆ ಕೆಳಗೆ ಎಷ್ಟು ಜಾಗ ಬಿಡಬೇಕು?

ಐದು ಮಹಡಿ ಮನೆ

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಬರೆಯುತ್ತೇನೆ, ದಯವಿಟ್ಟು ಓದಿ. ಮಲ್ಲೇಶ್ವರದಲ್ಲಿ ನಮ್ಮದು 1994ರ ಕಟ್ಟಡ. ಗ್ರೌಂಡ್ ಬಿಟ್ಟು ಐದು ಮಹಡಿ, ಇಪ್ಪತ್ತು ಮನೆ, ಒಂದೇ ಲಿಫ್ಟ್. ಆರು ಜನರದ್ದು, 408 ಕೆ.ಜಿ. ಒಳಗೆ ಎಳೆಯುವ ಗ್ರಿಲ್ ಗೇಟ್, ಹೊರಗೆ ತೆಗೆಯುವ ಕಬ್ಬಿಣದ ಬಾಗಿಲು. ಈ ವರ್ಷ ಎಲ್ಲವನ್ನೂ ಬದಲಾಯಿಸೋಣ ಅಂತ ಸಭೆಯಲ್ಲಿ ತೀರ್ಮಾನ ಆಯಿತು. ಹೊಸ ಕ್ಯಾಬಿನ್, ಆಟೋಮ್ಯಾಟಿಕ್ ಬಾಗಿಲು, ಹೊಸ ಡ್ರೈವ್, ಕರೆಂಟ್ ಹೋದರೆ ಹತ್ತಿರದ ಮಹಡಿಗೆ ತಂದು ನಿಲ್ಲಿಸುವ ಎಆರ್‌ಡಿ.

ಮೂರು ಕಡೆಯಿಂದ ಕೊಟೇಶನ್ ಬಂತು. ಇಬ್ಬರು ಗ್ರೌಂಡ್ ಫ್ಲೋರಿನಲ್ಲಿ ನಿಂತು ಫೋಟೋ ತೆಗೆದುಕೊಂಡು ಹೋದರು, ಅಷ್ಟೇ. ಮೂರನೆಯವರು ವಯಸ್ಸಾದ ಮೆಕ್ಯಾನಿಕ್. ಟೇಪು ಹಿಡಿದು ಕ್ಯಾಬಿನ್ ಮೇಲೆ ಹತ್ತಿದರು, ಆಮೇಲೆ ಪಿಟ್‌ಗೂ, ಅಂದರೆ ಲಿಫ್ಟ್ ಕೆಳಗಿನ ಗುಂಡಿಗೂ ಇಳಿದರು. ಹೊರಗೆ ಬಂದು, "ನೀವು ಕೇಳಿದ ಕ್ಯಾಬಿನ್ ಹಾಕಿದರೆ ಮೇಲೆ ಜಾಗ ಸಾಲುವುದಿಲ್ಲ, ಕೆಳಗೂ ಏನೋ ಆಗಿದೆ, ಡ್ರಾಯಿಂಗ್ ತೆಗೆದು ನೋಡಿ" ಅಂದರು. ಉಳಿದ ಇಬ್ಬರಿಗೆ ಫೋನ್ ಮಾಡಿದರೆ "ಮೂವತ್ತು ವರ್ಷ ಓಡಿದ ಶಾಫ್ಟ್, ಏನೂ ತೊಂದರೆ ಇಲ್ಲ ಸರ್" ಅನ್ನುತ್ತಾರೆ. ಯಾರ ಮಾತು ಸರಿ? ಜಾಗ ಅಂದರೆ ಯಾವ ಜಾಗ? ಲಿಫ್ಟ್ ಒಳಗೆ ನಿಲ್ಲುವ ನಮಗೆ ಅದರಿಂದ ಏನು?

ಪಿಟ್ ಲೈಟ್

ಸರ್, ನಾನು 22 ವರ್ಷದಿಂದ ಇದೇ ಕೆಲಸದಲ್ಲಿದ್ದೇನೆ. ಟೇಪು ಹಿಡಿದು ಹತ್ತಿದವರ ಮಾತೇ ಸರಿ ಅಂತ ಮೊದಲೇ ಹೇಳಿಬಿಡುತ್ತೇನೆ, ಕಾರಣ ಆಮೇಲೆ.

ಆ ಜಾಗ ನಿಮಗಲ್ಲ. ನಮಗೆ. ಸರ್ವಿಸ್ ಮಾಡುವಾಗ ಕ್ಯಾಬಿನ್ ತಲೆ ಮೇಲೆ ನಾವು ನಿಂತಿರುತ್ತೇವೆ, ಪಿಟ್ ಒಳಗೆ ಕೂತು ಎಣ್ಣೆ ಕೊಳೆ ತೆಗೆಯುತ್ತಿರುತ್ತೇವೆ. ಆ ಹೊತ್ತಿಗೆ ಯಾವುದೋ ಸ್ವಿಚ್ ಕೈಕೊಟ್ಟು ಕ್ಯಾಬಿನ್ ನಿಲ್ಲದೆ ಮೇಲಕ್ಕೆ ಹೋಯಿತು ಅಂದುಕೊಳ್ಳಿ. ಮನುಷ್ಯ ಮುದುರಿ ಕೂತರೂ ಬದುಕಬೇಕು, ಅಷ್ಟು ಜಾಗ ಉಳಿದಿರಲೇಬೇಕು. ಎಲ್ಲ ದೇಶದ ನಿಯಮಗಳೂ ಸುತ್ತಿ ಬಳಸಿ ಹೇಳುವುದು ಇದನ್ನೇ.

ಈಗ ಅಳತೆ. ಜನ ಮಾಡುವ ತಪ್ಪು ಏನೆಂದರೆ, ಕ್ಯಾಬಿನ್ ಕೊನೇ ಮಹಡಿಯಲ್ಲಿ ಸರಿಯಾಗಿ ನಿಂತಾಗ ಅದರ ತಲೆಯಿಂದ ಸ್ಲ್ಯಾಬ್‌ವರೆಗೆ ಅಳೆದು "ಒಂದೂವರೆ ಮೀಟರ್ ಇದೆ, ಸಾಕು" ಅನ್ನುವುದು. ಕ್ಯಾಬಿನ್ ಅಲ್ಲೇ ನಿಲ್ಲುತ್ತದೆ ಅಂತ ಯಾರು ಹೇಳಿದರು? ಅದನ್ನು ಕೊನೆಗೆ ನಿಲ್ಲಿಸುವುದು ಕೌಂಟರ್‌ವೇಟ್, ಅಂದರೆ ರೋಪಿನ ಇನ್ನೊಂದು ತುದಿಯಲ್ಲಿ ತೂಗುವ ಭಾರ. ಕ್ಯಾಬಿನ್ ಮೇಲೆ ಹೋದರೆ ಅದು ಕೆಳಗೆ ಬರುತ್ತದೆ. ಕೌಂಟರ್‌ವೇಟ್ ಕೆಳಗೆ ಬಂದು ಪಿಟ್‌ನಲ್ಲಿರುವ ಬಫರ್ (ಪೆಟ್ಟು ತಾಳುವ ಸ್ಪ್ರಿಂಗ್) ಮೇಲೆ ಕೂತು, ಬಫರ್ ಪೂರ್ತಿ ಅದುಮಿದ ಮೇಲೆಯೇ ಕ್ಯಾಬಿನ್ ಮೇಲೆ ಹೋಗುವುದು ನಿಲ್ಲುತ್ತದೆ. ಅದಾದ ಮೇಲೂ ವೇಗದಲ್ಲಿದ್ದ ಕ್ಯಾಬಿನ್ ಸ್ವಲ್ಪ ಜಿಗಿಯುತ್ತದೆ. ಆ ಜಿಗಿತಕ್ಕೆ ಸೂತ್ರ ಇದೆ. ವೇಗದ ವರ್ಗವನ್ನು (ಸೆಕೆಂಡಿಗೆ ಎಷ್ಟು ಮೀಟರ್ ಅನ್ನುವ ಅಂಕಿಯನ್ನು ಅದರಿಂದಲೇ ಗುಣಿಸಿದ್ದು) 0.035ರಿಂದ ಗುಣಿಸಿದರೆ ಮೀಟರ್‌ನಲ್ಲಿ ಉತ್ತರ ಬರುತ್ತದೆ.

ನಿಮ್ಮ ಹತ್ತಿರ ನಾಲ್ಕು ಅಂಕಿ ಇದ್ದರೆ ಇಲ್ಲೇ ಲೆಕ್ಕ ಹಾಕೋಣ. ಕೊನೇ ಮಹಡಿಯಲ್ಲಿ ಕ್ಯಾಬಿನ್ ತಲೆಯಿಂದ ಸ್ಲ್ಯಾಬ್‌ಗೆ ಎಷ್ಟು, ಅದೇ ಹೊತ್ತಿಗೆ ಕೌಂಟರ್‌ವೇಟ್ ಅಡಿಯಿಂದ ಬಫರ್‌ಗೆ ಎಷ್ಟು, ಬಫರ್ ಎಷ್ಟು ಅದುಮುತ್ತದೆ, ವೇಗ ಎಷ್ಟು. ಹೊಸ ಕೊಟೇಶನ್‌ನಲ್ಲಿ ವೇಗ ಎಷ್ಟು ಬರೆದಿದ್ದಾರೆ ಅನ್ನುವುದನ್ನೂ ನೋಡಿ. ಮತ್ತೆ, ದಯವಿಟ್ಟು ನೀವೇ ಕ್ಯಾಬಿನ್ ಮೇಲೆ ಹತ್ತಬೇಡಿ. ಆ ಮೆಕ್ಯಾನಿಕ್ ಅವರನ್ನೇ ಕೇಳಿ, ಬರೆದುಕೊಂಡಿರುತ್ತಾರೆ.

ಐದು ಮಹಡಿ ಮನೆ

ಕೇಳಿದೆ, ಬರೆದುಕೊಂಡಿದ್ದರು. ಮೇಲೆ 1480 ಮಿ.ಮೀ. ಕೌಂಟರ್‌ವೇಟ್‌ನಿಂದ ಬಫರ್‌ಗೆ 250. ಬಫರ್ 65 ಅದುಮುತ್ತದಂತೆ. ವೇಗ ಈಗ ಸೆಕೆಂಡಿಗೆ 0.68 ಮೀಟರ್. ಕೊಟೇಶನ್‌ನಲ್ಲಿ 1 ಮೀಟರ್ ಅಂತ ಇದೆ. ಕ್ಯಾಬಿನ್ ಎತ್ತರ ಈಗ 2100, ಹೊಸದು 2300. ಫಾಲ್ಸ್ ಸೀಲಿಂಗ್, ಲೈಟು ಎಲ್ಲ ಇರುತ್ತದೆ, ಅದಕ್ಕೆ ಎತ್ತರ ಜಾಸ್ತಿ ಅಂದರು.

ಪಿಟ್ ಲೈಟ್

ಹಳೇ ಲೆಕ್ಕ ಮೊದಲು. 1480ರಲ್ಲಿ 250 ಕಳೆಯಿರಿ, 65 ಕಳೆಯಿರಿ, ಜಿಗಿತ 16 ಕಳೆಯಿರಿ. ಉಳಿಯುವುದು 1149. ಅಂದರೆ ಒಂದು ಮೀಟರ್‌ಗಿಂತ ಜಾಸ್ತಿ, ಮನುಷ್ಯ ಕುಕ್ಕರುಗಾಲಲ್ಲಿ ಕೂತು ಬದುಕುತ್ತಾನೆ. 1994ರಲ್ಲಿ ಹಾಕಿದವರು ಸರಿಯಾಗಿಯೇ ಹಾಕಿದ್ದಾರೆ.

ಈಗ ಹೊಸದು. ಕ್ಯಾಬಿನ್ 200 ಎತ್ತರ ಆಯಿತು, 1480 ಹೋಗಿ 1280. ವೇಗ 1 ಮೀಟರ್ ಆಯಿತು, ಆದ್ದರಿಂದ ಜಿಗಿತ 35. ಬಫರ್ ಕೂಡ ಹಳೆಯದು ನಡೆಯುವುದಿಲ್ಲ. ಸ್ಪ್ರಿಂಗ್ ಬಫರ್ ಅದುಮುವ ಉದ್ದಕ್ಕೂ ವೇಗದ ವರ್ಗದ ಲೆಕ್ಕ ಇದೆ, ಅದನ್ನು 0.135ರಿಂದ ಗುಣಿಸಬೇಕು, 65ಕ್ಕಿಂತ ಕಡಿಮೆ ಇರಬಾರದು. ನಿಮಗೆ 1 ಮೀಟರ್ ವೇಗಕ್ಕೆ 135 ಬರುತ್ತದೆ. 1280ರಲ್ಲಿ 250, 135, 35 ಕಳೆದರೆ 860.

ಎಂಟುನೂರ ಅರವತ್ತು ಮಿಲಿಮೀಟರ್. ನಿಮ್ಮ ಮನೆ ಊಟದ ಮೇಜು ಅದಕ್ಕಿಂತ ಸ್ವಲ್ಪ ಗಿಡ್ಡ ಇರುತ್ತದೆ. ಅದರ ಕೆಳಗೆ ಹೋಗಿ ಕೂತು ನೋಡಿ ಸರ್. ಕ್ಯಾಬಿನ್ ತಲೆ ಮೇಲೆ ಬಾಗಿಲಿನ ಮೋಟಾರು, ಫ್ಯಾನು, ವೈರಿನ ಡಬ್ಬಿ ಎಲ್ಲ ಇರುತ್ತದೆ, ಮೇಜಿನ ಕೆಳಗಿನಷ್ಟು ಖಾಲಿಯೂ ಇರುವುದಿಲ್ಲ.

ಇನ್ನೊಂದು ಇದೆ, ಇದನ್ನು ಯಾರೂ ಹೇಳುವುದಿಲ್ಲ. ಹೊಸ ರೋಪ್ ಹಾಕುವಾಗ "ಮುಂದೆ ಹಿಗ್ಗುತ್ತದೆ, ಮತ್ತೆ ಕತ್ತರಿಸಲು ಬರುವುದು ಬೇಡ" ಅಂತ ಮೊದಲೇ ಗಿಡ್ಡ ಮಾಡಿ ಕಟ್ಟಿಬಿಡುತ್ತಾರೆ. ಆಗ ಕೌಂಟರ್‌ವೇಟ್ ಎತ್ತರದಲ್ಲಿ ನೇತಾಡುತ್ತದೆ. 250 ಇದ್ದದ್ದು 400 ಆಗುತ್ತದೆ. ಕೌಂಟರ್‌ವೇಟ್ ಬಫರ್ ಮುಟ್ಟುವ ಮುಂಚೆ ಕ್ಯಾಬಿನ್ ಇನ್ನೂ 150 ಮೇಲೆ ಹೋಗಬಹುದು ಅಂತ ಅರ್ಥ. ಆ 150 ಹೋಗುವುದು ಮೇಲೆ ಕೂತವನ ಜಾಗದಿಂದ. ನಾನೂ ಹೊಸದರಲ್ಲಿ ಹಾಗೆ ಕಟ್ಟಿದವನೇ. ನನ್ನ ಗುರುಗಳು ನೋಡಿ, ಎಲ್ಲರ ಎದುರು ಬೈದು, ಬಿಚ್ಚಿಸಿ ಮತ್ತೆ ಕಟ್ಟಿಸಿದರು. ಅವತ್ತಿನಿಂದ ಮರೆತಿಲ್ಲ.

ಸಿಮೆಂಟು ಮರಳು

ನಾನು ಸಿವಿಲ್ ಎಂಜಿನಿಯರ್. "ಕೆಳಗೂ ಏನೋ ಆಗಿದೆ" ಅಂದರಲ್ಲ, ಆ ಬಗ್ಗೆ ಕೇಳುತ್ತೇನೆ. ನಿಮ್ಮ ಪಿಟ್‌ಗೆ ಮಳೆ ನೀರು ಬರುತ್ತಿತ್ತಾ? ಯಾವಾಗಲಾದರೂ ಕಾಂಕ್ರೀಟ್ ಹಾಕಿಸಿದ್ದೀರಾ?

ಬೆಂಗಳೂರಿನಲ್ಲಿ ನಾನು ನೋಡಿದ ಹಳೇ ಅಪಾರ್ಟ್‌ಮೆಂಟುಗಳಲ್ಲಿ ಇದೇ ಕತೆ ಎಷ್ಟು ಸಲ ಆಗಿದೆಯೋ. ಪಿಟ್‌ನಲ್ಲಿ ನೀರು ನಿಲ್ಲುತ್ತದೆ, ಯಾರೋ ಒಬ್ಬ ಮೇಸ್ತ್ರಿ ಬಂದು ಮುಕ್ಕಾಲು ಅಡಿ ಕಾಂಕ್ರೀಟ್ ಸುರಿದು ಹೋಗುತ್ತಾನೆ. ಕೆಲವು ವರ್ಷ ನೀರು ಬರುವುದು ನಿಲ್ಲುತ್ತದೆ, ಎಲ್ಲರಿಗೂ ಖುಷಿ. ಪಿಟ್ ಆಳ ಮುಕ್ಕಾಲು ಅಡಿ ಹೋಯಿತು ಅಂತ ಯಾರ ಲೆಕ್ಕಕ್ಕೂ ಬರುವುದಿಲ್ಲ.

ಇನ್ನೊಂದು ಪ್ರಶ್ನೆ. ಪಿಟ್ ಕೆಳಗೆ ಮಣ್ಣು ಇದೆಯಾ, ಇಲ್ಲಾ ಬೇಸ್‌ಮೆಂಟ್ ಪಾರ್ಕಿಂಗ್ ಇದೆಯಾ? ಕೆಳಗೆ ಜನ ಓಡಾಡುವ ಜಾಗ ಇದ್ದರೆ ಪಿಟ್ ನೆಲ ಅದಕ್ಕೆ ತಕ್ಕಷ್ಟು ಗಟ್ಟಿ ಇರಬೇಕು. ಜೊತೆಗೆ ಕೌಂಟರ್‌ವೇಟ್‌ಗೂ ಸೇಫ್ಟಿ ಗೇರ್ ಬೇಕಾಗುತ್ತದೆ. ರೋಪ್ ಹೋದರೆ ಕ್ಯಾಬಿನ್ ಹಿಡಿದು ನಿಲ್ಲಿಸುವಂಥದ್ದೇ, ಕೌಂಟರ್‌ವೇಟ್‌ಗೆ.

ಐದು ಮಹಡಿ ಮನೆ

ಬೇಸ್‌ಮೆಂಟ್ ಇಲ್ಲ, ಮಣ್ಣೇ. ಆದರೆ ಕಾಂಕ್ರೀಟ್ ವಿಷಯ ನೀವು ನೋಡಿದವರ ಹಾಗೆ ಹೇಳಿದಿರಿ! ಹಳೇ ಕಾರ್ಯದರ್ಶಿಗಳನ್ನು ಕೇಳಿದೆ. ಹತ್ತು ವರ್ಷದ ಹಿಂದೆ ಒಂದು ದೊಡ್ಡ ಮಳೆ ಆದ ಮೇಲೆ ಹಾಕಿಸಿದರಂತೆ. ಡ್ರಾಯಿಂಗ್‌ನಲ್ಲಿ ಗ್ರೌಂಡ್ ಫ್ಲೋರ್ ಹೊಸ್ತಿಲಿನಿಂದ ಪಿಟ್ ನೆಲಕ್ಕೆ 1270 ಇದೆ. ಈಗ ಅಳೆದರೆ 1040. ಮೆಕ್ಯಾನಿಕ್ ಪ್ರಕಾರ ಕ್ಯಾಬಿನ್ ನೆಲದಿಂದ ಅದರ ಫ್ರೇಮಿನ ತಳದವರೆಗೆ 380, ತಳದಿಂದ ಬಫರ್‌ಗೆ 150.

ಪಿಟ್ ಲೈಟ್

1040ರಲ್ಲಿ 380, 150, ಬಫರ್ ಅದುಮುವ 65 ಕಳೆಯಿರಿ. 445. ಕ್ಯಾಬಿನ್ ಕೆಳಗೆ ಬಂದು ಬಫರ್ ಪೂರ್ತಿ ಅದುಮಿದಾಗಲೂ ನೆಲದಿಂದ 500 ಖಾಲಿ ಇರಬೇಕು. ಒಬ್ಬ ಮಲಗಿಕೊಂಡರೆ ಉಳಿಯುವಷ್ಟು. ಕಾಂಕ್ರೀಟ್ ಹಾಕುವ ಮುಂಚೆ 675 ಇತ್ತು. ಅಂದರೆ ಇಷ್ಟು ವರ್ಷ ನಿಮ್ಮ ಎಎಂಸಿ (ವಾರ್ಷಿಕ ನಿರ್ವಹಣೆ ಒಪ್ಪಂದ) ಹುಡುಗರು ಈ 445ರ ಕೆಳಗೆ ಇಳಿದು ಕೆಲಸ ಮಾಡಿದ್ದಾರೆ. ಓದಿ ಹೊಟ್ಟೆ ಉರಿಯಿತು ಸರ್. ನಿಮ್ಮ ಮೇಲಲ್ಲ, ಯಾರೂ ಹೇಳಲಿಲ್ಲವಲ್ಲ ಅಂತ.

ಆ ಕಾಂಕ್ರೀಟ್ ಒಡೆಸಿ. ನೀರಿಗೆ ಬೇರೆ ದಾರಿ ನೋಡಿ.

ಡುಸೆಲ್ಡಾರ್ಫ್ ಕನ್ನಡಿಗ

ನಾನು ಇಲ್ಲಿ ಲಿಫ್ಟ್ ತಪಾಸಣೆ ಕೆಲಸದಲ್ಲಿದ್ದೇನೆ, ಊರು ತಿಪಟೂರು. ನಿಯಮದ ಕಡೆಯಿಂದ ಸ್ವಲ್ಪ ಸೇರಿಸುತ್ತೇನೆ.

ಯುರೋಪಿನಲ್ಲಿ ಹಳೇ ನಿಯಮ ಇಎನ್ 81-1. ಅದರಲ್ಲಿ ಕ್ಯಾಬಿನ್ ತಲೆ ಮೇಲೆ ಉಳಿಯಬೇಕಾದ ಪೆಟ್ಟಿಗೆಯಾಕಾರದ ಜಾಗ 0.5, 0.6, 0.8 ಮೀಟರ್. 2014ರಲ್ಲಿ ಇಎನ್ 81-20 ಬಂತು, 2017ರಿಂದ ಅದೊಂದೇ. ಅದರಲ್ಲಿ ಕುಕ್ಕರುಗಾಲಲ್ಲಿ ಕೂರುವವನಿಗೆ ನೆಲದಲ್ಲಿ 0.5ಕ್ಕೆ 0.7, ಎತ್ತರ 1 ಮೀಟರ್. ನಿಲ್ಲುವವನಿಗಾದರೆ ಎತ್ತರ 2 ಮೀಟರ್. ಎಷ್ಟು ಜನ ಮೇಲೆ ಹತ್ತಬಹುದು, ಯಾವ ಭಂಗಿಯಲ್ಲಿ ಉಳಿಯಬಹುದು ಅಂತ ಚಿತ್ರದ ಬೋರ್ಡ್ ಕೂಡ ಹಾಕಬೇಕು. ಇಬ್ಬರು ಹತ್ತುವುದಾದರೆ ಇಬ್ಬರಿಗೂ ಬೇರೆ ಬೇರೆ ಜಾಗ. ಭಾರತದಲ್ಲಿ ಬಹಳ ಕಾಲ ಐಎಸ್ 14665 ಇತ್ತು, 2022ರಲ್ಲಿ ಐಎಸ್ 17900 ಬಂತು. ಅದು ಈ ಹೊಸ ದಾರಿಯಲ್ಲೇ ಇದೆ.

ಹಳೇ ಕಟ್ಟಡದಲ್ಲಿ ಜಾಗ ನಿಜವಾಗಿಯೂ ಇಲ್ಲದಿದ್ದರೆ ಇಎನ್ 81-21 ಅಂತ ಬೇರೆ ನಿಯಮ ಇದೆ. ಮೆಕ್ಯಾನಿಕ್ ಒಳಗೆ ಹೋಗುವ ಬಾಗಿಲು ತೆಗೆದ ತಕ್ಷಣ ಲಿಫ್ಟ್ ಸಾಮಾನ್ಯ ಓಟ ಬಿಡಬೇಕು. ಮಡಚುವ ಗಟ್ಟಿ ಸ್ಟಾಪರ್ ಚಾಚಿಕೊಂಡು ಕ್ಯಾಬಿನ್ ಒಂದು ಮಟ್ಟ ದಾಟದ ಹಾಗೆ ತಡೆಯಬೇಕು. ಆದರೆ ಜಾಗ ಮಾಡಲು ಸಾಧ್ಯವೇ ಇಲ್ಲದ ಕಡೆಗೆ ಮಾತ್ರ ಅದು. ನಿಮ್ಮಲ್ಲಿ ಜಾಗ ಇದೆ. ಫಾಲ್ಸ್ ಸೀಲಿಂಗ್‌ಗೋಸ್ಕರ ಅದನ್ನು ಬಿಟ್ಟುಕೊಡುತ್ತಿದ್ದೀರಿ ಅಷ್ಟೇ.

ಮರೆತಿದ್ದೆ, ಕ್ಯಾಬಿನ್ ತಲೆಯ ಅಂಚಿನಿಂದ ಶಾಫ್ಟ್ ಗೋಡೆಗೆ 300 ಮಿ.ಮೀ.ಗಿಂತ ಜಾಸ್ತಿ ಸಂದು ಇದ್ದರೆ ಮೇಲೆ ರೇಲಿಂಗ್ ಬೇಕು, ಆ ರೇಲಿಂಗ್‌ಗೂ ಸ್ಲ್ಯಾಬ್‌ಗೂ ನಡುವೆ ಮತ್ತೆ ಜಾಗ ಬೇಕು. 860ರಲ್ಲಿ 700 ಎತ್ತರದ ರೇಲಿಂಗ್ ಹಾಕಿದರೆ ಏನು ಉಳಿಯಿತು ನೋಡಿ.

ಲೆಕ್ಕದ ಪುಸ್ತಕ

ನಾನು ಬೇರೆ ಸೊಸೈಟಿಯಲ್ಲಿ ಖಜಾಂಚಿ. ಬೇಜಾರು ಮಾಡಿಕೊಳ್ಳಬೇಡಿ, ನಮ್ಮ ಸಭೆಯಲ್ಲಿ ಬರುವ ಪ್ರಶ್ನೆಯನ್ನೇ ಕೇಳುತ್ತೇನೆ. ಇಷ್ಟು ವರ್ಷ ಏನೂ ಆಗಿಲ್ಲ. ಕಾಂಕ್ರೀಟ್ ಒಡೆಸುವುದು, ಹೊಸ ಡ್ರಾಯಿಂಗ್, ಇದೆಲ್ಲ ಖರ್ಚು. ನಿವೃತ್ತರಾದವರು ಜಾಸ್ತಿ ಇರುವ ಕಟ್ಟಡದಲ್ಲಿ ತಲಾ ಇಷ್ಟು ಸಾವಿರ ಅಂದರೆ ಕಷ್ಟ ಅಲ್ವಾ? ನಿಯಮ ಬರುವ ಮುಂಚಿನ ಲಿಫ್ಟ್‌ಗೆ ಹೊಸ ನಿಯಮ ಯಾಕೆ?

ಪಿಟ್ ಲೈಟ್

ಕೇಳಿದ್ದು ಒಳ್ಳೆಯದಾಯಿತು ಸರ್. ಹಳೇ ಲಿಫ್ಟ್ ಹಾಗೇ ಓಡುತ್ತಿದ್ದರೆ ಅದರ ಕಾಲದ ಲೆಕ್ಕದಲ್ಲಿ ಓಡುತ್ತದೆ. ಆದರೆ ಮೇಲೆ ನಾನು ಹಾಕಿದ ಲೆಕ್ಕ ನೋಡಿ, ಹಳೇ ನಿಯಮಕ್ಕೆ ಸರಿಯಿದ್ದ ಲಿಫ್ಟ್ ಹೊಸ ಕ್ಯಾಬಿನ್ ಹಾಕಿದ ಮೇಲೆ ಹಳೇ ನಿಯಮಕ್ಕೂ ಸರಿಯಿಲ್ಲ. ಯುರೋಪಿನ ಆ ಹಳೇ ಇಎನ್ 81-1ರಲ್ಲೂ 0.8ರ ಪೆಟ್ಟಿಗೆ ಜಾಗ ಒಂದೇ ಸಾಲದು, ಸ್ಲ್ಯಾಬ್‌ವರೆಗೆ ಒಂದು ಮೀಟರ್ ಬೇಕೇ ಬೇಕಿತ್ತು. ನೀವು ದುಡ್ಡು ಕೊಟ್ಟು ಲಿಫ್ಟನ್ನು ಮುಂಚಿಗಿಂತ ಅಪಾಯ ಮಾಡಿಕೊಳ್ಳುತ್ತಿದ್ದೀರಿ.

ಡುಸೆಲ್ಡಾರ್ಫ್ ಕನ್ನಡಿಗ

"ಇಷ್ಟು ವರ್ಷ ಏನೂ ಆಗಿಲ್ಲ" ಅನ್ನುವ ಮಾತಿಗೆ. 2006ರ ಜೂನ್‌ನಲ್ಲಿ ಟೋಕಿಯೋದ ಮಿನಾಟೊ ಪ್ರದೇಶದ ವಸತಿ ಕಟ್ಟಡದಲ್ಲಿ ಬಾಗಿಲು ತೆರೆದಿರುವಾಗಲೇ ಲಿಫ್ಟ್ ಮೇಲೆ ಹೋಯಿತು. ಹೊರಗೆ ಬರುತ್ತಿದ್ದ 16 ವರ್ಷದ ಹುಡುಗ ಸಿಕ್ಕಿಕೊಂಡು ತೀರಿಕೊಂಡ. ಅದಾದ ಮೇಲೆ 2009ರಿಂದ ಜಪಾನಿನಲ್ಲಿ ಹೊಸ ಲಿಫ್ಟುಗಳಿಗೆ, ಬಾಗಿಲು ತೆರೆದಿರುವಾಗ ಕ್ಯಾಬಿನ್ ಜರುಗಿದರೆ ತಡೆದು ನಿಲ್ಲಿಸುವ ಬೇರೆ ವ್ಯವಸ್ಥೆ ಕಡ್ಡಾಯವಾಯಿತು. ನಿಮ್ಮ ಕೊಟೇಶನ್‌ನಲ್ಲಿ ಅದು ಇದೆಯಾ ಕೇಳಿ. ಹೊಸ ಡ್ರೈವ್ ಹಾಕುವಾಗಲೇ ಸೇರಿಸಿಕೊಂಡರೆ ಸುಲಭ.

ಯುರೋಪಿನಲ್ಲಿ ಹಳೇ ಲಿಫ್ಟುಗಳಿಗೆ ಅಂತಲೇ 2003ರಲ್ಲಿ ಇಎನ್ 81-80 ಮಾಡಿ, 74 ಅಪಾಯಗಳ ಪಟ್ಟಿ ಕೊಟ್ಟರು. ಎಲ್ಲವನ್ನೂ ಒಂದೇ ದಿನ ಸರಿ ಮಾಡಿ ಅನ್ನಲಿಲ್ಲ, ಯಾವುದು ಮೊದಲು ಅಂತ ಹಂತ ಮಾಡಿಕೊಂಡರು. ಖಜಾಂಚಿಯವರೇ, ನಿಮ್ಮ ಸಭೆಯಲ್ಲೂ ಹಾಗೆ ಹಂತ ಮಾಡಬಹುದು.

ಚಿನ್ನು ಅಮ್ಮ

ನಮ್ಮ ಕಟ್ಟಡದಲ್ಲೂ ಇದೇ ತರ ಗ್ರಿಲ್ ಗೇಟ್ ಲಿಫ್ಟ್. ಮಗನಿಗೆ ಮೂರು ವರ್ಷ. ಹೊರಗಿನ ಬಾಗಿಲಿಗೂ ಒಳಗಿನ ಗೇಟ್‌ಗೂ ನಡುವೆ ಅವನು ನಿಂತುಕೊಳ್ಳುವಷ್ಟು ಜಾಗ ಇದೆ. ಒಂದು ಸಲ ನಿಂತೂ ಬಿಟ್ಟಿದ್ದ, ನನ್ನ ಜೀವವೇ ಹೋದ ಹಾಗಾಯಿತು. ಇದಕ್ಕೂ ಅಳತೆ ಇದೆಯಾ?

ಪಿಟ್ ಲೈಟ್

ಅಕ್ಕ, ಇದೆ. ಈ ವಿಷಯ ನೀವು ಎತ್ತಿದ್ದು ತುಂಬಾ ಒಳ್ಳೆಯದಾಯಿತು. ಎರಡು ಬಾಗಿಲೂ ಮುಚ್ಚಿಕೊಂಡು ಮಗು ನಡುವೆ ಉಳಿದರೆ, ಬಾಗಿಲು ಮುಚ್ಚಿದೆ ಅಂತ ಲಿಫ್ಟ್ ಹೊರಡುತ್ತದೆ. ಅಮೆರಿಕದಲ್ಲಿ ಮನೆ ಲಿಫ್ಟುಗಳಲ್ಲಿ ಮಕ್ಕಳು ಹೀಗೆ ಸಿಕ್ಕಿಕೊಂಡು, 2019ರಲ್ಲಿ ಅಲ್ಲಿನ ಗ್ರಾಹಕ ಸುರಕ್ಷತಾ ಆಯೋಗ ಎಲ್ಲ ರಾಜ್ಯಗಳ ಗವರ್ನರ್‌ಗಳಿಗೆ ಎಚ್ಚರಿಕೆ ಪತ್ರ ಬರೆಯಿತು. ಅಲ್ಲಿ ಈಗ ಹೊಸ ಮನೆ ಲಿಫ್ಟ್‌ಗೆ ಎರಡು ಬಾಗಿಲ ನಡುವೆ 4 ಇಂಚು, ಹೊರಬಾಗಿಲಿನಿಂದ ಹೊಸ್ತಿಲ ಅಂಚಿಗೆ ಮುಕ್ಕಾಲು ಇಂಚು. ಅದಕ್ಕಿಂತ ಜಾಸ್ತಿ ಬಿಡುವ ಹಾಗಿಲ್ಲ.

ನಿಮ್ಮ ಕಟ್ಟಡದಲ್ಲಿ ಲಿಫ್ಟ್ ಪೂರ್ತಿ ಬದಲಾಯಿಸುವವರೆಗೆ ಕಾಯಬೇಡಿ. ಹೊರಬಾಗಿಲಿನ ಒಳಮೈಗೆ ಗಟ್ಟಿ ಪ್ಯಾಡ್ ಹಾಕಿ ಆ ಸಂದು ತುಂಬಿಸಬಹುದು, ಗೇಟ್‌ಗೆ ಲೈಟ್ ಕರ್ಟನ್ (ಅಡ್ಡ ಯಾರಾದರೂ ಇದ್ದರೆ ಬೆಳಕಿನ ಕಿರಣದಿಂದ ಗುರುತಿಸುವ ಸಾಧನ) ಹಾಕಬಹುದು. ನಾಳೆಯೇ ನಿಮ್ಮ ಎಎಂಸಿಯವರಿಗೆ ಹೇಳಿ. ಆಟೋಮ್ಯಾಟಿಕ್ ಬಾಗಿಲು ಹಾಕಿದರೆ ಈ ತೊಂದರೆ ಹೋಗುತ್ತದೆ, ಎರಡು ಬಾಗಿಲೂ ಹತ್ತಿರ ಹತ್ತಿರ ಒಟ್ಟಿಗೆ ಓಡುತ್ತವೆ. ಆದರೆ ಅವು ಶಾಫ್ಟ್ ಒಳಗೆ ಜಾಗ ತಿನ್ನುತ್ತವೆ, ಕ್ಯಾಬಿನ್ ಉದ್ದ ಅಷ್ಟು ಕಡಿಮೆಯಾಗುತ್ತದೆ. ವೀಲ್‌ಚೇರ್ ಹಿಡಿಸುತ್ತದಾ ಅಂತ ಮೊದಲೇ ಅಳೆಯಿರಿ.

ಸಿಮೆಂಟು ಮರಳು

ಕ್ಯಾಬಿನ್ ನೆಲಕ್ಕೆ ಗ್ರಾನೈಟ್ ಹಾಕಿಸುವ ಯೋಚನೆ ಇದ್ದರೆ ಬಿಡಿ. 20 ಮಿ.ಮೀ. ಗ್ರಾನೈಟ್ ಚದರ ಮೀಟರ್‌ಗೆ ಸುಮಾರು 54 ಕೆ.ಜಿ. ನಿಮ್ಮ ಕ್ಯಾಬಿನ್ ನೆಲ ಒಂದು ಚದರ ಮೀಟರ್‌ಗಿಂತ ಸ್ವಲ್ಪ ಜಾಸ್ತಿ ಇರುತ್ತದೆ, ಅಂದರೆ ಹತ್ತಿರ ಹತ್ತಿರ 60 ಕೆ.ಜಿ. ನಮ್ಮಲ್ಲಿ ಲಿಫ್ಟ್ ಲೆಕ್ಕದಲ್ಲಿ ಒಬ್ಬ ಮನುಷ್ಯ 68 ಕೆ.ಜಿ. ಯಾವಾಗಲೂ ಒಬ್ಬರು ಇಳಿಯದೆ ಒಳಗೇ ನಿಂತಿದ್ದ ಹಾಗೆ.

ಪಿಟ್ ಲೈಟ್

ಹೌದು. ಕೌಂಟರ್‌ವೇಟ್ ಅಂದರೆ ಕ್ಯಾಬಿನ್ ತೂಕಕ್ಕೆ ಹೊರುವ ಭಾರದ ಸುಮಾರು ಅರ್ಧ ಸೇರಿಸಿದ್ದು. ಕ್ಯಾಬಿನ್ ತೂಕ ಹೆಚ್ಚಿದರೆ ಅಲ್ಲೂ ತೂಕ ಸೇರಿಸಬೇಕು. ಆಮೇಲೆ ಬ್ರೇಕ್, ರೋಪ್, ಸೇಫ್ಟಿ ಗೇರ್, ಬಫರ್ ಎಲ್ಲದರ ಮೇಲೂ ಭಾರ ಬೀಳುತ್ತದೆ. ಬಫರ್ ತಾಳುವ ಭಾರ ಮೀರಿದರೆ ನಾವು ಹಾಕಿದ ಜಾಗದ ಲೆಕ್ಕವೇ ಸುಳ್ಳಾಗುತ್ತದೆ. ಅಮೆರಿಕದಲ್ಲಿ ಕ್ಯಾಬಿನ್ ತೂಕ, ಹೊರುವ ಭಾರ ಎರಡರ ಮೊತ್ತ ಮೂಲಕ್ಕಿಂತ ಶೇಕಡಾ 5ಕ್ಕಿಂತ ಜಾಸ್ತಿ ಬದಲಾದರೆ ಎಲ್ಲವನ್ನೂ ಮತ್ತೆ ಲೆಕ್ಕ ಹಾಕಬೇಕು ಅಂತ ಇದೆ. ನಾನೂ ಅದೇ ಗೆರೆ ಇಟ್ಟುಕೊಂಡಿದ್ದೇನೆ.

ಕ್ಯಾಬಿನ್ ಹೊಸ್ತಿಲ ಕೆಳಗೆ ನೇತಾಡುವ ಟೋ ಗಾರ್ಡ್ ತಗಡು ಕೂಡ ಕೇಳಿ. 750 ಮಿ.ಮೀ. ಇರಬೇಕು. ಹಳೇದರಲ್ಲಿ ಒಂದಡಿಯೂ ಇರುವುದಿಲ್ಲ. ಲಿಫ್ಟ್ ಎರಡು ಮಹಡಿ ನಡುವೆ ನಿಂತಾಗ ಜನ ಬಾಗಿಲು ಎಳೆದು ಕೆಳಗೆ ಜಿಗಿಯುತ್ತಾರಲ್ಲ, ಆಗ ಕಾಲು ಜಾರಿ ಹಿಂದಕ್ಕೆ, ಕ್ಯಾಬಿನ್ ಅಡಿಯಿಂದ ಶಾಫ್ಟ್‌ಗೆ ಬೀಳುತ್ತಾರೆ. ಅದನ್ನು ತಡೆಯುವುದು ಆ ತಗಡು. ನಿಮ್ಮ ಈಗಿನ 1040ರಲ್ಲಿ 750ರ ತಗಡು ಹಾಕಿದರೆ ಕ್ಯಾಬಿನ್ ಬಫರ್ ಅದುಮಿದಾಗ ನೆಲಕ್ಕೆ 75 ಮಾತ್ರ ಉಳಿಯುತ್ತದೆ. 100 ಬೇಕು. ಕಾಂಕ್ರೀಟ್ ಒಡೆಸಿ ಅಂತ ಇನ್ನೊಂದು ಸಲ ಹೇಳುತ್ತೇನೆ.

ಸಿಮೆಂಟು ಮರಳು

ಒಡೆಸುವಾಗ ಮೂಲ ಸ್ಲ್ಯಾಬ್‌ಗೆ ಪೆಟ್ಟಾಗದ ಹಾಗೆ ಸಣ್ಣ ಬ್ರೇಕರ್ ಸಾಕು. ಆಮೇಲೆ ಬಿರುಕುಗಳಿಗೆ ಇಂಜೆಕ್ಷನ್ ಗ್ರೌಟಿಂಗ್, ಅದರ ಮೇಲೆ ತೆಳು ವಾಟರ್‌ಪ್ರೂಫಿಂಗ್ ಕೋಟಿಂಗ್. ಕೆಲವೇ ಮಿಲಿಮೀಟರ್‌ನಲ್ಲಿ ಮುಗಿಯುತ್ತದೆ.

ಕಾಗದಪತ್ರದ ವಿಷಯ ಬಿಡಬೇಡಿ. ಕರ್ನಾಟಕದಲ್ಲಿ ಲಿಫ್ಟ್‌ಗೆ 2012ರ ಕಾಯ್ದೆ ಇದೆ, ನೋಡಿಕೊಳ್ಳುವುದು ವಿದ್ಯುತ್ ಪರಿವೀಕ್ಷಣಾ ಇಲಾಖೆ. ಲಿಫ್ಟ್‌ನಲ್ಲಿ ಬದಲಾವಣೆ ಮಾಡುವ ಮುಂಚೆ ಅನುಮತಿ ತೆಗೆದುಕೊಳ್ಳಬೇಕು. "ಅದೆಲ್ಲ ನಾವು ನೋಡಿಕೊಳ್ಳುತ್ತೇವೆ" ಅಂದರೆ, ಮೇಲೆ ಕೆಳಗಿನ ಅಳತೆ ಬರೆದ ಡ್ರಾಯಿಂಗಿನ ಒಂದು ಪ್ರತಿ ಸಹಿ ಸಮೇತ ಕೇಳಿ ಇಟ್ಟುಕೊಳ್ಳಿ.

ಐದು ಮಹಡಿ ಮನೆ

ಮೂರು ತಿಂಗಳಾಯಿತು, ಬಂದು ಹೇಳಲೇಬೇಕು ಅನಿಸಿತು. ಈ ಚರ್ಚೆಯನ್ನೇ ಪ್ರಿಂಟ್ ತೆಗೆದು ಸಭೆಯಲ್ಲಿ ಓದಿದೆ. 860ರ ಲೆಕ್ಕ ಬಂದಾಗ ನಾಲ್ಕನೇ ಮಹಡಿಯ ಹಿರಿಯರೊಬ್ಬರು ಎದ್ದು, "ನಮ್ಮ ಮನೆ ಮಗ ಅಲ್ಲಿ ಕೂರುತ್ತಿದ್ದರೆ ಒಪ್ಪುತ್ತಿದ್ದೆವಾ?" ಅಂದರು. ಆಮೇಲೆ ಯಾರೂ ಜಾಸ್ತಿ ಮಾತಾಡಲಿಲ್ಲ.

ಟೇಪು ಹಿಡಿದು ಬಂದವರಿಗೇ ಕೆಲಸ ಕೊಟ್ಟೆವು. ಕ್ಯಾಬಿನ್ ಎತ್ತರ 2100ರಲ್ಲೇ ಉಳಿಸಿದೆವು, ಫಾಲ್ಸ್ ಸೀಲಿಂಗ್ ಬಿಟ್ಟೆವು, ಲೈಟು ಗೋಡೆಗೆ ಹೋಯಿತು. ವೇಗ 0.68. ಐದು ಮಹಡಿಗೆ ಅದಕ್ಕಿಂತ ಜಾಸ್ತಿ ಯಾಕೆ ಬೇಕಿತ್ತು ಅಂತ ಈಗ ಅನಿಸುತ್ತದೆ. ನೆಲಕ್ಕೆ ವಿನೈಲ್. ಕಾಂಕ್ರೀಟ್ ಒಡೆಸಿದೆವು, ಪಿಟ್ ಈಗ ಹೊಸ್ತಿಲಿನಿಂದ 1265. ಟೋ ಗಾರ್ಡ್ 750. ಮೇಲೆ 700ರ ರೇಲಿಂಗ್. ಬಾಗಿಲು ತೆರೆದಾಗ ಕ್ಯಾಬಿನ್ ಜರುಗದ ಹಾಗೆ ತಡೆಯುವ ವ್ಯವಸ್ಥೆಯೂ ಬಂತು. ಅದಕ್ಕೆ ಸ್ವಲ್ಪ ಖರ್ಚಾಯಿತು, ಎರಡು ಕಂತಲ್ಲಿ ಕಟ್ಟಿದೆವು.

ಒಂದೇ ಪ್ರಶ್ನೆ ಉಳಿದಿದೆ. ಹೊಸ ಕ್ಯಾಬಿನ್ ಕೂರಿಸಿದ ಮೇಲೆ ಮೇಲಿನ ಅಳತೆ 1460 ಬಂದಿದೆ. ಮುಂದೆ ಯಾರಾದರೂ ಬಂದು ರೋಪ್ ಗಿಡ್ಡ ಮಾಡಿದರೆ ನಮಗೆ ಗೊತ್ತಾಗುವುದು ಹೇಗೆ?

ಪಿಟ್ ಲೈಟ್

ಸರ್, ಓದಿ ಮನಸ್ಸು ತುಂಬಿತು.

ಪಿಟ್‌ನಲ್ಲಿ ಕೌಂಟರ್‌ವೇಟ್ ಬಫರ್ ಪಕ್ಕದಲ್ಲಿ ಒಂದು ತಗಡಿನ ಬೋರ್ಡ್ ಹಾಕಿಸಿ. ಕ್ಯಾಬಿನ್ ಕೊನೇ ಮಹಡಿಯಲ್ಲಿದ್ದಾಗ ಕೌಂಟರ್‌ವೇಟ್‌ಗೂ ಬಫರ್‌ಗೂ ನಡುವೆ ಎಷ್ಟಕ್ಕಿಂತ ಜಾಸ್ತಿ ಇರಬಾರದು ಅಂತ ಅದರಲ್ಲಿ ಬರೆಯಬೇಕು. 1460ರಲ್ಲಿ 1000 ಮನುಷ್ಯನಿಗೆ, 65 ಬಫರ್‌ಗೆ, 16 ಜಿಗಿತಕ್ಕೆ ಹೋದರೆ 379 ಉಳಿಯುತ್ತದೆ. ಅಲ್ಲಿವರೆಗೆ ಹೋಗಬೇಡಿ. 300 ಅಂತ ಬರೆಸಿ, ಕನ್ನಡದಲ್ಲೇ ದೊಡ್ಡದಾಗಿ. ಎಎಂಸಿ ಒಪ್ಪಂದದಲ್ಲೂ ಅದೇ ಅಂಕಿ ಸೇರಿಸಿ, ಮತ್ತೆ ರೋಪ್ ಕೆಲಸ ಆದ ದಿನವೇ ಅಳೆದು ರಿಜಿಸ್ಟರ್‌ನಲ್ಲಿ ಬರೆಯಲು ಹೇಳಿ.